ಘಾಟಿ ಹತ್ತಿದ ಕಾರು ಸಾಲಿನಲ್ಲಿ ಕುದಿಯಿತು

ನವರಾತ್ರಿಯ ಒಂದು ಮಧ್ಯಾಹ್ನ ಉಡುಪಿಯಿಂದ ಕೊಪ್ಪಕ್ಕೆ ಮರಳುತ್ತಿದ್ದೆವು. ಆಗುಂಬೆ ಘಾಟಿಯ 14 ತಿರುವುಗಳನ್ನೂ ನಮ್ಮ ಹಳೆಯ ಪೆಟ್ರೋಲ್ ಕಾರು ಸಲೀಸಾಗಿ ಹತ್ತಿತು. ಟೆಂಪರೇಚರ್ ಸೂಜಿ ನಡುಗೆರೆ ಬಿಟ್ಟು ಅಲುಗಲಿಲ್ಲ. ಶೃಂಗೇರಿಗೆ ಬಂದರೆ ಶಾರದಾಂಬೆಯ ದರ್ಶನಕ್ಕೆ ಬಂದ ವಾಹನಗಳ ಸಾಲು. ಹದಿನೈದು ನಿಮಿಷದಲ್ಲಿ ಇನ್ನೂರು ಮೀಟರ್ ಸರಿದೆವೋ ಇಲ್ಲವೋ, ಸೂಜಿ ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಅಂಚಿನಿಂದ ಹಬೆ ಏಳತೊಡಗಿತು.

ಬೆಟ್ಟ ಹತ್ತುವಾಗ ಬಿಸಿಯಾಗದ ಎಂಜಿನ್ ನಿಂತಲ್ಲೇ ಕುದಿಯುವುದೆಂದರೇನು? ಅಂದಿನಿಂದ ಇದರ ಲೆಕ್ಕ ಹಾಕುತ್ತಲೇ ಇದ್ದೇನೆ, ಬೆರಗು ಕಡಿಮೆಯಾಗಿಲ್ಲ.

ನಿಂತ ಕಾರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಎನ್ನೋಣ. ನಾಲ್ಕು ಸಿಲಿಂಡರ್ ಇದ್ದರೆ ನಿಮಿಷಕ್ಕೆ 1,600 ಸಲ ಒಳಗೆ ಬೆಂಕಿ ಹೊತ್ತುತ್ತದೆ. ಆ ಹದಿನೈದು ನಿಮಿಷದಲ್ಲಿ 24,000 ಸಲ. ಪ್ರತಿ ಸಲವೂ ಉರಿಯುವ ಅನಿಲದ ಬಿಸಿ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಅದರ ಮೇಲೆ ಕವುಚಿಕೊಂಡಿರುವ ಅಲ್ಯೂಮಿನಿಯಂ ಹೆಡ್ಡು ಕರಗಲು 660 ಡಿಗ್ರಿ ಸಾಕು. ಅದನ್ನು ಉಳಿಸುತ್ತಿರುವುದು ಸುತ್ತಲೂ ಹರಿಯುವ ಐದಾರು ಲೀಟರ್ ಕೂಲಂಟ್.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದೆ. ಗಂಟೆಗೆ ಮುಕ್ಕಾಲು ಲೀಟರ್ ಉರಿದು, ಅದರ ಮೂರನೇ ಒಂದು ಪಾಲು ಬಿಸಿ ಕೂಲಂಟಿಗೆ ಬಂದರೂ ಎರಡು ಕಿಲೋವ್ಯಾಟಿಗಿಂತ ಹೆಚ್ಚಾಯಿತು. ಬಕೆಟ್ಟಿಗೆ ಇಳಿಬಿಡುವ ನೀರು ಕಾಯಿಸುವ ಕಾಯಿಲ್ ಎರಡನ್ನು ರೇಡಿಯೇಟರಿನೊಳಗೆ ಹಾಕಿ ಸ್ವಿಚ್ ಒತ್ತಿದ ಹಾಗೆ. ಘಾಟಿಯಲ್ಲಾದರೋ ಬಿಸಿ ಇದರ ಏಳೆಂಟು ಪಟ್ಟು.

ಆದರೆ ಘಾಟಿಯಲ್ಲಿ ಗಾಳಿ ಇತ್ತು. ಗಂಟೆಗೆ 35 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 10 ಮೀಟರ್. ಎದುರಾದ ಗಾಳಿಯಲ್ಲಿ ಕಾಲು ಪಾಲಷ್ಟೇ ರೇಡಿಯೇಟರನ್ನು ತೂರಿ ಹೋದರೂ ಸೆಕೆಂಡಿಗೆ ಐನೂರು ಲೀಟರ್ ಆಗುತ್ತದೆ. ನಿಂತ ಕಾರಿಗೆ ಬೇಕಾದದ್ದು ಬರೀ ಐವತ್ತು ಲೀಟರ್, ಮೂರ್ನಾಲ್ಕು ಬಕೆಟ್ಟಿನಷ್ಟು ಗಾಳಿ. ಅಷ್ಟನ್ನೂ ಕೊಡುವವರಿಲ್ಲದೆ ಕಾರು ಸೋತಿತು. ನಿಂತಾಗ ಗಾಳಿ ಎಳೆಯಬೇಕಾದದ್ದು ರೇಡಿಯೇಟರಿನ ಹಿಂದಿನ ಫ್ಯಾನು.

ಹಬೆ ಕಂಡ ಕೂಡಲೇ ಬದಿಗೆ ತಂದು ಎಂಜಿನ್ ಆರಿಸಿದೆ. ಯಾರೋ ಪುಣ್ಯಾತ್ಮರು ನೀರಿನ ಬಾಟಲಿ ಹಿಡಿದು ಬಂದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು. ಅವರನ್ನು ತಡೆದದ್ದು ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ. ಸುಮಾರು 670 ಮೀಟರ್ ಎತ್ತರದ ಶೃಂಗೇರಿಯಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಕುಕ್ಕರಿನ ಹಾಗೆ ಒತ್ತಡ ಹಿಡಿದು, ಅದೇ ನೀರನ್ನು 115 ಡಿಗ್ರಿಯಲ್ಲೂ ಕುದಿಯಗೊಡದೆ ಇಟ್ಟಿರುತ್ತದೆ. ಮುಚ್ಚಳ ತೆಗೆದ ಕ್ಷಣ ನೂರಕ್ಕೆ ಮೂರು ಪಾಲು ನೀರು ಹಬೆಯಾಗುತ್ತದೆ. ಮೂರೇ ಪಾಲು! ಐದು ಲೀಟರಿನಲ್ಲಿ ಒಂದು ಸಣ್ಣ ಲೋಟದಷ್ಟು. ಆ ಲೋಟ ನೀರು ಇನ್ನೂರೈವತ್ತು ಲೀಟರ್ ಹಬೆಯಾಗಿ, ಅಡಿಕೆ ಬೇಯಿಸುವ ಹಂಡೆಯನ್ನೇ ಮುಖಕ್ಕೆ ಎರಚಿದಂತೆ ಬರುತ್ತದೆ. ಮುಚ್ಚಳ ಕೈಗೆ ತಣ್ಣಗಾಗುವವರೆಗೂ ಮುಟ್ಟಬಾರದು.

ಮುಕ್ಕಾಲು ಗಂಟೆ ಬಿಟ್ಟು ಕಡಿಮೆಯಾದ ನೀರು ತುಂಬಿದೆವು. ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ ಹೊರಟೆವು. ಹೀಟರೂ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಬಿಸಿಯನ್ನು ನಮ್ಮ ಕಾಲ ಬುಡಕ್ಕೆ ತಂದು ಸುರಿಯಿತು. ಹರಿಹರಪುರ ದಾಟುವಷ್ಟರಲ್ಲಿ ಸೂಜಿ ನಡುವಿಗೆ ಇಳಿದಿತ್ತು.

ಕೊಪ್ಪದ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ. "ಓಡ್ತಾ ಇದ್ರೆ ಎಂತ ಆಗಲ್ಲ, ನಿಂತ್ರೆ ಮಾತ್ರ ಏರ್ತದೆ, ಅಲ್ವಾ ಮಾರಾಯ್ರೆ?" ಓಡುವಾಗಲೂ ಏರಿದ್ದರೆ ಥರ್ಮೋಸ್ಟಾಟ್, ವಾಟರ್ ಪಂಪ್, ಕಟ್ಟಿಕೊಂಡ ರೇಡಿಯೇಟರ್ ಇವುಗಳನ್ನು ಮೊದಲು ನೋಡುತ್ತಿದ್ದರಂತೆ. ಎ.ಸಿ. ಹಾಕಿಸಿದರು, ಆಗ ತಿರುಗಬೇಕಿದ್ದ ಫ್ಯಾನ್ ತಿರುಗಲಿಲ್ಲ. ಫ್ಯೂಸ್ ಸರಿ ಇತ್ತು. ರಿಲೇ ಬದಲಿಸಿದರೂ ಇಲ್ಲ. ಬ್ಯಾಟರಿಯಿಂದ ಎರಡು ವೈರ್ ಎಳೆದು ನೇರ ಕೊಟ್ಟರೆ ಭರ್ರನೆ ತಿರುಗಿತು. ಅಂದರೆ ಮೋಟರಿಗೆ ಜೀವವಿದೆ, ದಾರಿಯಲ್ಲಿ ಎಲ್ಲೋ ಕರೆಂಟ್ ನಿಂತಿದೆ.

ಫ್ಯಾನಿನ ವೈರಿನ ಸಾಕೆಟ್ ಬಿಚ್ಚಿ ನನ್ನ ಅಂಗೈ ಮೇಲೆ ಹಿಡಿದರು. ಕಡ್ಲೆಬೀಜದಷ್ಟು ಅಗಲವೂ ಇಲ್ಲದ ಪಿನ್ನು. ಅದರ ಸುತ್ತ ಹಳೆಯ ತಾಮ್ರದ ತಂಬಿಗೆಗೆ ಹಿಡಿಯುವಂಥ ಹಸಿರು ಕಿಲುಬು, ಪ್ಲಾಸ್ಟಿಕ್ಕಿನ ಅಂಚು ಬಿಸಿಗೆ ಕಂದಿತ್ತು. ನಮ್ಮ ಮಳೆಗಾಲದ ತೇವ ಮಾಡುವ ಕೆಲಸ ಇದು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ ದಾರಿಯಲ್ಲಿ ಓಡಾಡುವ ಕಾರಿನಲ್ಲಿ ಒಂದು ಪಿನ್ನು ಕಿಲುಬು ಹಿಡಿದರೆ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ, ಎರಡು ಸಾವಿರ ಡಿಗ್ರಿಯ ಬೆಂಕಿಯೂ ಎಂಜಿನ್ನಿನ ಆಯುಷ್ಯವೂ ಆ ಪಿನ್ನಿನ ಮೇಲೆ ನಿಂತಿದ್ದದ್ದು. ಹೆಡ್ಡು ಸೊಟ್ಟಗಾಗಿದ್ದರೆ ಹತ್ತಾರು ಸಾವಿರ ರೂಪಾಯಿಯ ಕೆಲಸ.

ಅವರು ಸಾಕೆಟ್ ಹೊಸದು ಹಾಕಿದರು. ಒಳಗಿನಿಂದ ಹೊರಕ್ಕೆ ಮೆಲ್ಲನೆ ನೀರು ಹಾಯಿಸಿ ರೇಡಿಯೇಟರಿನ ಕೆಸರು ತೊಳೆದರು. ನಾವು ತುಂಬಿದ್ದ ಬಾಟಲಿ ನೀರನ್ನು ಚೆಲ್ಲಿ ಕೂಲಂಟ್ ಹಾಕಿದರು. ಆಮೇಲೆ ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿಟ್ಟು, ಇಬ್ಬರೂ ಮಾತಾಡದೆ ಕಾದೆವು. ಹತ್ತು ನಿಮಿಷವಾಗಿರಬೇಕು. 'ಟಕ್' ಎಂದು ರಿಲೇ ಬಡಿಯಿತು. ಫ್ಯಾನ್ ಎದ್ದಿತು.