ಎಳೆಯುವ ಟ್ರಕ್ಕಿನ ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರ್

ವಾಹನದ ಚೌಕಟ್ಟಿಗೂ ಚಕ್ರಗಳಿಗೂ ನಡುವೆ ಇರುವ ಉಪಕರಣಗಳು ಎರಡು ಭಿನ್ನ ಕಾರ್ಯಗಳನ್ನು ನೆರವೇರಿಸುತ್ತವೆ. ಭಾರವನ್ನು ಹೊರುವುದು ಸ್ಪ್ರಿಂಗಿನ ಕಾರ್ಯ. ಆ ಸ್ಪ್ರಿಂಗಿನ ತೂಗಾಟವನ್ನು ಅಡಗಿಸುವುದು ಷಾಕ್ ಅಬ್ಸಾರ್ಬರಿನ ಕಾರ್ಯ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸ್ವಂತ ಪಿಕಪ್ ಟ್ರಕ್ಕಿಗೆ ಟ್ರೇಲರನ್ನು ಕಟ್ಟಿ ದೂರ ಪ್ರಯಾಣ ಮಾಡುವ ರೂಢಿ ಬಹಳ. ಟ್ರಕ್ಕಿನ ಹಿಂಭಾಗವು ಕುಸಿದಾಗ ಬಿಗಿಯಾದ ಷಾಕ್ ಅಬ್ಸಾರ್ಬರನ್ನು ಜೋಡಿಸಿದರೆ ಸಾಕೆಂದು ಭಾವಿಸುವವರುಂಟು. ಈ ಎರಡು ಕಾರ್ಯಗಳು ಹೇಗೆ ಬೇರ್ಪಟ್ಟವೆಂಬ ಚರಿತ್ರೆಯನ್ನು ನೋಡಿದರೆ ಈ ಭಾವನೆಯ ದೋಷವು ಸ್ಪಷ್ಟವಾಗುವುದು.

ಸ್ಪ್ರಿಂಗು ತನ್ನ ಮೇಲಿನ ಭಾರಕ್ಕೆ ಅನುಗುಣವಾಗಿ ಬಾಗುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದನು. ಮುಂದೆ ಕುದುರೆಗಾಡಿಗಳಿಗೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗುಗಳು ಬಂದವು. ಅವುಗಳ ವೇಗವು ಅಲ್ಪವಾಗಿದ್ದುದರಿಂದ, ಪಟ್ಟಿಗಳು ಒಂದಕ್ಕೊಂದು ಉಜ್ಜುವ ಘರ್ಷಣೆಯೇ ಕುಲುಕಾಟವನ್ನು ತಕ್ಕಮಟ್ಟಿಗೆ ತಡೆಯುತ್ತಿತ್ತು. ಮೋಟಾರು ಬಂದು ವೇಗವು ಹೆಚ್ಚಿದ ಮೇಲೆ ಅಷ್ಟು ಸಾಲದಾಯಿತು. ಆದುದರಿಂದ 20ನೆಯ ಶತಮಾನದ ಆದಿಭಾಗದಲ್ಲಿ ಮೊದಲು ಘರ್ಷಣೆಯ ಬಿಲ್ಲೆಗಳೂ ಅನಂತರ ಎಣ್ಣೆಯ ಸಾಧನಗಳೂ ಬಳಕೆಗೆ ಬಂದವು. ಇವುಗಳಲ್ಲಿ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಗ್ಗುವಾಗ ಚಲನೆಯ ಶಕ್ತಿಯು ಶಾಖವಾಗಿ ಮಾರ್ಪಡುತ್ತದೆ. ದೀರ್ಘಕಾಲ ದುಡಿದರೆ ಎಣ್ಣೆ ಕಾದು, ನೊರೆಗಟ್ಟಿ, ಪ್ರತಿರೋಧವು ಕುಗ್ಗುವುದು. ಈ ದೋಷವನ್ನು ನಿವಾರಿಸಲು ಒತ್ತಡದ ಅನಿಲವುಳ್ಳ ಒಂಟಿ ಕೊಳವೆಯ ವಿಧಾನವನ್ನು ಫ್ರಾನ್ಸಿನ ಬೂರ್ಸಿಯೆ ದ ಕಾರ್ಬೋನ್ ರೂಪಿಸಿದನು.

ಇನ್ನು ಎಳೆಯುವ ವಾಹನದ ವಿಷಯ. ಚೆಂಡಿನ ಕೊಂಡಿಗೆ ಕಟ್ಟುವ ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಬೀಳಬೇಕೆಂಬುದು ಅಲ್ಲಿನ ಸಾಮಾನ್ಯ ಸೂಚನೆ. ಅದಕ್ಕಿಂತ ಬಹಳ ಕಡಮೆಯಾದರೆ ಟ್ರೇಲರು ಅತ್ತಿತ್ತ ಬಳುಕುವುದು. 2,500 ಕಿಲೋಗ್ರಾಮಿನ ಟ್ರೇಲರೊಂದರಿಂದ ಕೊಂಡಿಯ ಮೇಲೆ 300 ಕಿಲೋಗ್ರಾಮ್ ಬಿದ್ದಿತೆಂದು ಭಾವಿಸೋಣ. ಕೊಂಡಿಯು ಹಿಂದಿನ ಅಚ್ಚಿನಿಂದ 1.2 ಮೀಟರು ಹಿಂದಿದೆ. ಎರಡು ಅಚ್ಚುಗಳ ಅಂತರ 3.6 ಮೀಟರು. ಆಗ ಸನ್ನೆಯ ನಿಯಮದಂತೆ ಮುಂದಿನ ಅಚ್ಚಿನ ಮೇಲಣ ಭಾರವು 100 ಕಿಲೋಗ್ರಾಮ್ ಇಳಿಯುವುದು. ಹಿಂದಿನದರ ಮೇಲೆ 400 ಕಿಲೋಗ್ರಾಮ್ ಏರುವುದು. ಹಿಂಭಾಗ ಕುಸಿಯುವುದು ಕಣ್ಣಿಗೆ ಕಾಣುವ ಫಲ. ಮುಂದಿನ ಟೈರುಗಳ ಹಿಡಿತ ಸಡಿಲುವುದು ಕಾಣದ ಫಲ, ಅಪಾಯವಿರುವುದು ಇದರಲ್ಲಿಯೇ. ಏಕೆಂದರೆ ವಾಹನವನ್ನು ತಿರುಗಿಸುವುದೂ ಬ್ರೇಕಿನ ಹೆಚ್ಚಿನ ಪಾಲನ್ನು ವಹಿಸುವುದೂ ಆ ಚಕ್ರಗಳೇ.

ಆದುದರಿಂದ ಚಿಕಿತ್ಸೆಯು ರೋಗಕ್ಕೆ ತಕ್ಕಂತಿರಬೇಕು. ಕುಸಿತಕ್ಕೆ ಹೆಚ್ಚಿನ ಪಟ್ಟಿಯಾಗಲಿ ಗಾಳಿ ತುಂಬಿದ ಸ್ಪ್ರಿಂಗಾಗಲಿ ಪರಿಹಾರವಾದೀತು. ಆದರೆ ಇವು ಹಿಂಭಾಗವನ್ನು ಎತ್ತುತ್ತವೆಯೇ ಹೊರತು ಮುಂದಿನ ಅಚ್ಚು ಕಳೆದುಕೊಂಡ ಭಾರವನ್ನು ಮರಳಿ ಕೊಡುವುದಿಲ್ಲ. ಅದಕ್ಕೆ ಸ್ಪ್ರಿಂಗಿನ ಸರಳುಗಳಿಂದ ಭಾರವನ್ನು ಹಂಚುವ ಕೊಂಡಿ ಬೇಕು. ಉಬ್ಬುತಗ್ಗಿನ ಹಾದಿಯಲ್ಲಿ ಟ್ರಕ್ಕು ಮತ್ತೆ ಮತ್ತೆ ಏರಿಳಿಯುತ್ತಿದ್ದರೆ ಮಾತ್ರ ಉತ್ತಮ ಷಾಕ್ ಅಬ್ಸಾರ್ಬರು ಸಾರ್ಥಕ. ಅದೂ ಅತಿ ಬಿಗಿಯಾದರೆ ಚಕ್ರವು ನೆಲವನ್ನು ಅನುಸರಿಸದೆ ನೆಗೆಯುವುದು.

ಕೊನೆಯದಾಗಿ ಒಂದು ಮಾತು. ಈ ಯಾವ ಮಾರ್ಪಾಟಿನಿಂದಲೂ ತಯಾರಕರು ಗೊತ್ತುಪಡಿಸಿದ ಭಾರದ ಮಿತಿ ಹೆಚ್ಚುವುದಿಲ್ಲ. ಅಚ್ಚು, ಟೈರು, ಬ್ರೇಕು, ಚೌಕಟ್ಟು ಇವೆಲ್ಲವೂ ಮೊದಲಿನವೇ ಆಗಿರುತ್ತವೆ. ಸಮತಟ್ಟಾಗಿ ನಿಂತಿರುವ ಟ್ರಕ್ಕು ಹಗುರವಾದ ಟ್ರಕ್ಕಲ್ಲ. ನೋಟಕ್ಕೆ ಸರಿಹೋದ ವಾಹನದ ಮೇಲೆ ಮಿತಿಮೀರಿ ಹೇರಿದರೆ ಅದರ ಫಲವನ್ನು ಹಾದಿಯಲ್ಲಿರುವ ಇತರರೂ ಅನುಭವಿಸಬೇಕಾಗುವುದು.