ಪಕ್ಕದ ಹೊಲದ ಅಂಗಮಾರಿ: ವಿದ್ಯಾರ್ಥಿಗಳೊಡನೆ ಕೂತು ಮಾಡುವ ಒಂದು ಲೆಕ್ಕ

ಹಾಸನ, ಅರಕಲಗೂಡು, ಹೊಳೆನರಸೀಪುರ ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಆಲೂಗೆಡ್ಡೆ ಬೆಳೆಯುವ ರೈತ ಬಾಂಧವರಿಗೆ ಅಂಗಮಾರಿ ರೋಗದ ಪರಿಚಯ ಹೊಸದಾಗಿ ಆಗಬೇಕಾಗಿಲ್ಲ. ಪಂಜಾಬಿನ ಜಲಂಧರ್ ಕಡೆಯಿಂದ ಹಾಸನದ ಮಾರುಕಟ್ಟೆಗೆ ಬರುವ ಬಿತ್ತನೆ ಗೆಡ್ಡೆಗೆ ನೀವು ಸಾಲ ತಂದು ಹಣ ಹಾಕುತ್ತೀರಿ. ಮುಂಗಾರಿನ ಜಡಿಮಳೆ ನಾಲ್ಕಾರು ದಿನ ಬಿಡದೆ ಹಿಡಿದರೆ ಹಸಿರಾಗಿದ್ದ ಹೊಲ ವಾರದೊಳಗೆ ಸುಟ್ಟಂತಾಗುತ್ತದೆ. 1845ರಲ್ಲಿ ಐರ್ಲೆಂಡ್ ದೇಶವನ್ನು ಬರಗಾಲಕ್ಕೆ ದೂಡಿದ್ದೂ ಇದೇ ರೋಗ.

ನೀವು ಸಕಾಲದಲ್ಲಿ ಔಷಧಿ ಸಿಂಪಡಿಸಿ, ನೆರೆಯವರು ಸಿಂಪಡಿಸದೆ ಬಿಟ್ಟರೆ ನಿಮ್ಮ ಬೆಳೆ ಉಳಿಯುವುದೇ? ಒಂದೇ ಹೊಲವನ್ನು ನೋಡುತ್ತಿದ್ದರೆ ಇದಕ್ಕೆ ಉತ್ತರ ಸಿಗದು. ಊರಿನ ಹೊಲಗಳನ್ನೆಲ್ಲ ಒಟ್ಟಿಗೆ ನೋಡಬೇಕು.

ಏನಿದು ಮಾದರಿ?

ಹೀಗೆ ಒಟ್ಟಿಗೆ ನೋಡಲು ವಿಜ್ಞಾನಿಗಳು ‘ಏಜೆಂಟ್ ಆಧಾರಿತ ಮಾದರಿ’ ಎಂಬ ವಿಧಾನವನ್ನು ಬಳಸುತ್ತಾರೆ. ಪ್ರತಿಯೊಬ್ಬ ರೈತನನ್ನೂ ಒಂದು ಕಾಯಿ ಎಂದುಕೊಳ್ಳಿ. ಅವನು ಯಾವಾಗ ಏನು ಮಾಡುತ್ತಾನೆ ಎಂಬುದಕ್ಕೆ ಒಂದೆರಡು ಸರಳ ನಿಯಮ ಕೊಟ್ಟು ಆಟ ನಡೆಸಿದರೆ, ಯಾರೊಬ್ಬರೂ ಬಯಸದ ಫಲಿತಾಂಶ ಊರಿಗೆಲ್ಲ ಹೇಗೆ ಬರುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಇದಕ್ಕಾಗಿ 1999ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ನೆಟ್‌ಲೋಗೊ ಎಂಬ ಉಚಿತ ಕಂಪ್ಯೂಟರ್ ಸಾಧನವಿದೆ. ಆದರೆ ತತ್ತ್ವ ತಿಳಿಯಲು ಕಂಪ್ಯೂಟರ್ ಬೇಕಿಲ್ಲ, ಜಗಲಿಯ ಮೇಲೆ ಸೀಮೆಸುಣ್ಣದ ಗೆರೆ ಸಾಕು.

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕಾಗಿ ತಂಡಗಳಾಗಿ ಹಳ್ಳಿಗಳಲ್ಲಿ ತಂಗುವುದು ನಿಮಗೆ ಗೊತ್ತೇ ಇದೆ. ಹಾಸನದ ಕಾರೆಕೆರೆಯ ಕೃಷಿ ಮಹಾವಿದ್ಯಾಲಯದಿಂದ ಅಂಥ ತಂಡ ನಿಮ್ಮೂರಿಗೆ ಬಂದಾಗ ಈ ಲೆಕ್ಕವನ್ನು ಅವರೊಡನೆ ಕೂತು ಮಾಡಿ ನೋಡಿ.

ಆಡುವ ಕ್ರಮ

ಉದ್ದಕ್ಕೆ 10, ಅಡ್ಡಕ್ಕೆ 10, ಒಟ್ಟು 100 ಮನೆ ಬರೆಯಿರಿ. ಒಂದೊಂದು ಮನೆಯೂ ಒಂದೊಂದು ಹೊಲ. ನಡುವಿನ ಮನೆಯಲ್ಲಿ ಒಂದು ಹುರುಳಿಕಾಳು ಇಡಿ. ಅದು ರೋಗ ತಗುಲಿದ ಹೊಲ. ಒಂದು ಸುತ್ತೆಂದರೆ ಸುಮಾರು 5 ದಿನ. ಪ್ರತಿ ಸುತ್ತಿನಲ್ಲಿ ರೋಗದ ಹೊಲದ ನಾಲ್ಕು ಮಗ್ಗುಲಿಗೂ ರೋಗ ಹಬ್ಬಲಿ. ಎಣಿಸಿ ನೋಡಿ: 1 ಇದ್ದದ್ದು 5, ಆಮೇಲೆ 13, 25, ನಾಲ್ಕನೆಯ ಸುತ್ತಿಗೆ 41. ಇಪ್ಪತ್ತೇ ದಿನದಲ್ಲಿ 41 ಹೊಲ!

ಈಗ ಎರಡನೆಯ ಆಟ. ಮುಂಚಿತವಾಗಿ ಸಿಂಪಡಿಸಿದ ಹೊಲಗಳಲ್ಲಿ ಅವರೆಕಾಳು ಇಡಿ. ಅಲ್ಲಿಗೆ ರೋಗ ಹೋಗದು. ಆದರೆ ಮೂರು ಮಗ್ಗುಲಲ್ಲಿ ರೋಗ ಸುತ್ತಿಕೊಂಡರೆ ಆ ಹೊಲವೂ ಸೋತಿತೆಂದು ಎಣಿಸಿ. ಏಕೆಂದರೆ ಜಡಿಮಳೆಯಲ್ಲಿ ಔಷಧಿ ತೊಳೆದುಹೋಗುತ್ತದೆ. ಗಾಳಿಯ ಪಾಲಿಗೆ ಪ್ರತಿ ಸುತ್ತಿನಲ್ಲೂ ಚೌಕಾಬಾರದ ಕವಡೆ ಹಾಕಿ. ಚೌಕ ಬಿದ್ದರೆ, ಸಿಂಪಡಿಸದ ಒಂದು ದೂರದ ಮನೆಗೂ ಹುರುಳಿ ಇಡಿ.

ಮೊದಲು 20 ಅವರೆಕಾಳನ್ನು ಅಲ್ಲಲ್ಲಿ ಚದುರಿಸಿ ಆಡಿ. ರೋಗ ಹೊಲದಿಂದ ಹೊಲಕ್ಕೆ ದಾರಿ ಹುಡುಕಿಕೊಂಡು, ಸಿಂಪಡಿಸಿದವರಲ್ಲಿಯೂ ಬಹುಮಂದಿಯನ್ನು ಸುತ್ತಿಕೊಳ್ಳುತ್ತದೆ. ಆಮೇಲೆ 60 ಇಟ್ಟು ಆಡಿ. ಹೆಚ್ಚಿನ ಬಾರಿ ಹುರುಳಿ ನಡುದಾರಿಯಲ್ಲೇ ನಿಲ್ಲುತ್ತದೆ. ಸಿಂಪಡಿಸದವರಲ್ಲಿಯೂ ಹಲವರು ಉಳಿಯುತ್ತಾರೆ. ಔಷಧಿ ಅದೇ, ಹೊಲವೂ ಅದೇ. ಬದಲಾದದ್ದು ನೆರೆಹೊರೆ.

ಒಂದು ಮಾತು ನೆನಪಿರಲಿ. 20, 60 ಎಂಬುವು ಆಟದ ಸಂಖ್ಯೆಗಳು, ನಿಮ್ಮೂರಿನವಲ್ಲ. ನಿಮ್ಮೂರಿನ ಲೆಕ್ಕ ಬೇಕಾದರೆ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ, ಯಾರು ಎಂದು ನೆಟ್ಟರು, ಮೋಡ ಕವಿದೊಡನೆ ಸಿಂಪಡಿಸುವವರು ಯಾರು, ಚುಕ್ಕೆ ಕಂಡ ಮೇಲೆ ಸಿಂಪಡಿಸುವವರು ಯಾರು ಎಂದು ಬರೆದುಕೊಳ್ಳಬೇಕು. ಆಗ ನೀವು ನಿಜ ಹೇಳಿದರೆ ಮಾತ್ರ ಲೆಕ್ಕ ನಿಜವಾದೀತು.

ಬಾಲಿಯ ಭತ್ತದ ಗದ್ದೆಗಳು

ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ‘ಸುಬಕ್’ ಎಂಬ ರೈತರ ನೀರಾವರಿ ಸಂಘಗಳು ದೇವಾಲಯಗಳ ಮೂಲಕ ನಾಟಿಯ ಕಾಲವನ್ನು ಗೊತ್ತುಮಾಡುವ ಪದ್ಧತಿ ಹಿಂದಿನಿಂದಲೂ ಇತ್ತು. 1970ರ ದಶಕದಲ್ಲಿ ಹೊಸ ತಳಿಗಳೊಡನೆ, ಯಾರೂ ಯಾರಿಗೂ ಕಾಯದೆ ಬೆಳೆಯ ಮೇಲೆ ಬೆಳೆ ತೆಗೆಯಿರಿ ಎಂಬ ಸಲಹೆ ಬಂತು. ನೀರಿಗೆ ತತ್ವಾರವಾಯಿತು, ಕೀಟ ಹೆಚ್ಚಿತು. ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಜೇಮ್ಸ್ ಕ್ರೆಮರ್ ಎಂಬ ವಿಜ್ಞಾನಿಗಳು ಎರಡು ನದಿಗಳ 172 ಸುಬಕ್‌ಗಳನ್ನು ಕಂಪ್ಯೂಟರಿನಲ್ಲಿ ಕಾಯಿಗಳಂತೆ ಆಡಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಇಳುವರಿ ಪಡೆದ ನೆರೆಯವರನ್ನು ಅನುಸರಿಸುವುದೊಂದೇ ನಿಯಮ. ಕೆಲವೇ ವರ್ಷದ ಆಟದಲ್ಲಿ ಅಕ್ಕಪಕ್ಕದ ಸುಬಕ್‌ಗಳು ಗುಂಪುಗೂಡಿ ಒಟ್ಟಿಗೆ ನಾಟಿ ಮಾಡತೊಡಗಿದವು, ಇಳುವರಿ ಏರಿತು. ಆ ಗುಂಪುಗಳು ದೇವಾಲಯಗಳ ಹಳೆಯ ಏರ್ಪಾಡನ್ನೇ ಬಹುಮಟ್ಟಿಗೆ ಹೋಲುತ್ತಿದ್ದವು! ಹೇಮಾವತಿ ನಾಲೆಯ ನೀರು ಹಂಚಿಕೊಂಡು ಭತ್ತ ಬೆಳೆಯುವವರು ಇದನ್ನು ಗಮನಿಸಬೇಕು.

ನೀವು ಮಾಡಬೇಕಾದುದು

• ಬಿತ್ತನೆಗೆ ಕೊಳೆತ, ಕಲೆಯಿರುವ ಗೆಡ್ಡೆ ಬಳಸಬೇಡಿ. ಆರಿಸಿ ತೆಗೆದುದನ್ನು ಹೊಲದ ಬದುವಿನಲ್ಲಿ ಸುರಿಯದೆ ಆಳವಾಗಿ ಹೂಳಿ.
• ಮೋಡ ಕವಿದು ತಂಪು, ತೇವ ಹೆಚ್ಚಿದಾಗ ಚುಕ್ಕೆಗಾಗಿ ಕಾಯದೆ, ಪ್ರತಿ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೊಜೆಬ್ ಬೆರೆಸಿ ಎಲೆಯ ಕೆಳಭಾಗವೂ ನೆನೆಯುವಂತೆ ಸಿಂಪಡಿಸಿ. ಇದು ರೋಗ ತಡೆಯುವ ಔಷಧಿ, ಬಂದ ರೋಗವನ್ನು ವಾಸಿ ಮಾಡುವುದಲ್ಲ.
• ಒಂದೇ ಬಯಲಿನ ರೈತರು ಮಾತಾಡಿಕೊಂಡು ಎರಡು ಮೂರು ದಿನದೊಳಗೆ ಎಲ್ಲರೂ ಸಿಂಪಡಿಸಿ. ಪಂಪು ಇಲ್ಲದವರಿಗೆ ಇದ್ದವರು ಕೊಡಿ.

ನೆರೆಯವನ ಹೊಲಕ್ಕೆ ಪಂಪು ಎರವಲು ಕೊಡುವುದು ಉಪಕಾರವಷ್ಟೇ ಅಲ್ಲ, ನಿಮ್ಮ ಬೆಳೆಗೇ ಕಟ್ಟುವ ಬೇಲಿ. ಈ ಮುಂಗಾರಿಗೆ ಮುನ್ನ ಜಗಲಿಯ ಮೇಲೆ ಒಮ್ಮೆ ಕಾಳು ಇಟ್ಟು ನೋಡಿ, ಆಮೇಲೆ ಊರಿನವರನ್ನು ಕರೆದು ದಿನ ಗೊತ್ತುಮಾಡಿ.