ಹುಟ್ಟಿದ ದಿನವೇ ಲಿವರ್ ಕ್ಯಾನ್ಸರಿಗೆ ತಡೆ

ಕ್ಯಾನ್ಸರಿಗೊಂದು ಲಸಿಕೆ ಬರಬಾರದೇ ಎಂದು ಹಂಬಲಿಸುವವರು ಬಹಳ. ಅಂಥದ್ದೊಂದು ಲಸಿಕೆ ಜಗತ್ತಿಗೆ ಬಂದು ನಲವತ್ತು ವರ್ಷ ದಾಟಿದೆ, ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಹೆಪಟೈಟಿಸ್ ಬಿ ಲಸಿಕೆ ಎಂದು ಅದರ ಹೆಸರು. ಕಾಮಾಲೆಗೆ ಹಾಕುವ ಚುಚ್ಚುಮದ್ದು ಎಂದಷ್ಟೇ ನಾವು ಅದನ್ನು ತಿಳಿದುಕೊಂಡಿರುವುದರಿಂದ ಅದರ ದೊಡ್ಡ ಕೆಲಸ ಕಣ್ಣಿಗೆ ಬಿದ್ದಿಲ್ಲ. ಲಿವರಿನ ಕ್ಯಾನ್ಸರನ್ನು ಅದು ಬೇರಿನಲ್ಲೇ ತಡೆಯುತ್ತದೆ. ಆದರೆ ಮಗು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಮೊದಲ ಡೋಸ್ ಬಿದ್ದರೆ ಮಾತ್ರ ಆ ತಡೆ ಪೂರ್ತಿಯಾಗುತ್ತದೆ. ಈ ಮಾತನ್ನು ದೊಡ್ಡಗಾಜನೂರಿನಂಥ ಊರನ್ನು ಮುಂದಿಟ್ಟುಕೊಂಡು ಹೇಳುವುದೇ ಸರಿ. ರಾಜ್‌ಕುಮಾರ್ ಹುಟ್ಟಿದೂರೆಂದು ಕನ್ನಡಿಗರೆಲ್ಲ ಬಲ್ಲ ಈ ಊರು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟದ ಮೇಲಿದೆ. ಜಿಲ್ಲಾಕೇಂದ್ರಕ್ಕೆ ಹೋಗಬೇಕೆಂದರೆ ಕಾಡಿನ ನಡುವೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲ ದಾಟಬೇಕು. ಗಡಿಯಾಚೆಯ ಚಾಮರಾಜನಗರ ಅದಕ್ಕಿಂತ ಎಷ್ಟೋ ಹತ್ತಿರ. ಮನೆಮಾತು ಕನ್ನಡ, ಸರ್ಕಾರದ ಕಾಗದದ ಭಾಷೆ ತಮಿಳು. ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ತಪ್ಪಿಹೋಗುವ ಸಾಧ್ಯತೆ ಇಂಥ ಕಡೆಯೇ ಹೆಚ್ಚು.

ಈ ಲಸಿಕೆಯ ಹಿಂದಿರುವ ಅಮೆರಿಕದ ಸಂಶೋಧಕ ಬರೂಕ್ ಬ್ಲಂಬರ್ಗ್ ಕ್ಯಾನ್ಸರನ್ನು ಹುಡುಕಿಕೊಂಡು ಹೊರಟವರಲ್ಲ. ಒಂದೇ ಕಾಯಿಲೆ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದು ಏಕೆ, ಹುಟ್ಟಿನಿಂದ ಬಂದ ರಕ್ತದ ಗುಣ ಅದಕ್ಕೆ ಕಾರಣವೇ ಎಂದು ತಿಳಿಯಲು ಅವರು ಬೇರೆ ಬೇರೆ ದೇಶಗಳ ಜನರ ರಕ್ತ ಕಲೆಹಾಕುತ್ತಿದ್ದರು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹೀಮೋಫಿಲಿಯಾ ಕಾಯಿಲೆಯಿಂದಾಗಿ ಮೇಲಿಂದ ಮೇಲೆ ಬೇರೆಯವರ ರಕ್ತ ಪಡೆದಿದ್ದ ನ್ಯೂಯಾರ್ಕಿನ ರೋಗಿಯೊಬ್ಬರ ರಕ್ತದ್ರವ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿದ್ದ ಒಂದು ಪ್ರೋಟೀನಿನೊಂದಿಗೆ ಪ್ರತಿಕ್ರಿಯಿಸಿತು. 1965ರಲ್ಲಿ ಇದನ್ನು ಪ್ರಕಟಿಸಿದಾಗ ಅದು ಏನೆಂದು ಅವರಿಗೂ ಖಚಿತವಿರಲಿಲ್ಲ. ಮುಂದಿನ ಎರಡು ಮೂರು ವರ್ಷಗಳಲ್ಲಿ ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಭಾಗ ಎಂಬುದು ಸ್ಪಷ್ಟವಾಯಿತು. 1969ರಲ್ಲಿ ಅವರೂ ಸಹೋದ್ಯೋಗಿ ಇರ್ವಿಂಗ್ ಮಿಲ್ಮನ್ ಅವರೂ ಲಸಿಕೆ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1976ರಲ್ಲಿ ಬ್ಲಂಬರ್ಗ್ ಅವರಿಗೆ ನೊಬೆಲ್ ಬಂತು. ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸುವುದು ಅದು ಅವರ ಹುಟ್ಟಿದ ದಿನವಾದ್ದರಿಂದ.

ವೈರಸ್ ಸಿಕ್ಕಿತು ಸರಿ, ಅದಕ್ಕೂ ಕ್ಯಾನ್ಸರಿಗೂ ಏನು ನಂಟು? ಈ ಪ್ರಶ್ನೆಗೆ ಸಿಕ್ಕ ಉತ್ತರದಷ್ಟು ಗಟ್ಟಿಯಾದ ಪುರಾವೆ ಕ್ಯಾನ್ಸರ್ ವಿಜ್ಞಾನದಲ್ಲಿ ಅಪರೂಪ. ತೈವಾನಿನಲ್ಲಿ ಪಾಮರ್ ಬೀಸ್ಲಿ ಮತ್ತು ಸಂಗಡಿಗರು 22,707 ಗಂಡಸರ ರಕ್ತ ಪರೀಕ್ಷಿಸಿ, ವೈರಸ್ ಇದ್ದವರು ಯಾರು, ಇಲ್ಲದವರು ಯಾರು ಎಂದು ಬರೆದಿಟ್ಟುಕೊಂಡು ವರ್ಷಗಳ ಕಾಲ ಅವರನ್ನು ಗಮನಿಸಿದರು. ವೈರಸ್ ಇದ್ದವರು ಸುಮಾರು ಏಳರಲ್ಲಿ ಒಬ್ಬರು ಮಾತ್ರ. ಆದರೆ 1981ರ ವರದಿಯ ಹೊತ್ತಿಗೆ ಲಿವರ್ ಕ್ಯಾನ್ಸರಿನಿಂದ ಸತ್ತಿದ್ದ 41 ಜನರಲ್ಲಿ 40 ಜನ ವೈರಸ್ ಇದ್ದವರೇ. ಅವರ ಅಪಾಯ ಉಳಿದವರಿಗಿಂತ 223 ಪಟ್ಟು. ನಂಟು ಇದೆಯೆಂದ ಮಾತ್ರಕ್ಕೆ ಅದೇ ಕಾರಣ ಎನ್ನಲು ಬಾರದು ಎಂಬ ಆಕ್ಷೇಪ ಆಗ ನ್ಯಾಯವೇ ಆಗಿತ್ತು. ಅದಕ್ಕೂ ಅದೇ ತೈವಾನ್ ಉತ್ತರ ಕೊಟ್ಟಿತು. 1984ರಲ್ಲಿ ಅಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಶುರುವಾಯಿತು. 1981ರಿಂದ 1986ರವರೆಗೆ ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ವರ್ಷಕ್ಕೆ ಲಕ್ಷಕ್ಕೆ 0.70ರಷ್ಟಿತ್ತು, 1990ರಿಂದ 1994ರ ಅವಧಿಯಲ್ಲಿ 0.36ಕ್ಕೆ, ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೇ ಹ್ವೇಯ್ ಚಾಂಗ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಪ್ರಕಟಿಸಿದಾಗ, ಲಸಿಕೆಯೊಂದು ಮನುಷ್ಯರ ಕ್ಯಾನ್ಸರನ್ನು ತಗ್ಗಿಸಬಲ್ಲದು ಎಂಬುದು ಮೊದಲ ಬಾರಿಗೆ ಅಂಕಿಅಂಶದಲ್ಲಿ ಕಂಡಿತು.

ಹುಟ್ಟಿದ ದಿನಕ್ಕೇ ಏಕೆ ಇಷ್ಟು ಮಹತ್ವ ಎಂಬುದು ಈ ವೈರಸ್ಸಿನ ನಡೆಯಲ್ಲಿದೆ. ಬೆಳೆದವರ ಮೈಗೆ ಇದು ಹೊಕ್ಕರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಕೆಲವು ತಿಂಗಳಲ್ಲಿ ಅದನ್ನು ಹೊರದಬ್ಬುತ್ತಾರೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದಿಂದ ಮಗುವಿಗೆ ಬಂದರೆ ಲೆಕ್ಕ ತಿರುಗುಮುರುಗು: ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳ ಲಿವರಿನಲ್ಲಿ ವೈರಸ್ ಕಾಯಂ ಆಗಿ ನೆಲೆಸುತ್ತದೆ. ಶಿಶುವಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಎಳೆಯದು. ಬಂದದ್ದು ಹಗೆಯೆಂದು ಗುರುತಿಸಿ ಹೋರಾಡಲು ಅದಕ್ಕೆ ಆಗುವುದಿಲ್ಲ. ಆದ್ದರಿಂದ ಮಗುವಿಗೆ ಕಾಮಾಲೆಯೂ ಕಾಣುವುದಿಲ್ಲ, ಜ್ವರವೂ ಬರುವುದಿಲ್ಲ. ಆಡಿಕೊಂಡು, ಓದಿಕೊಂಡು ಬೆಳೆಯುತ್ತದೆ. ಒಳಗೆ ಲಿವರಿನ ಜೀವಕೋಶಗಳು ಸಾಯುವುದು, ಹೊಸವು ಹುಟ್ಟುವುದು ದಶಕಗಟ್ಟಲೆ ನಡೆದಿರುತ್ತದೆ. ವೈರಸ್ಸಿನ ತುಣುಕುಗಳು ಆ ಕೋಶಗಳ ವಂಶವಾಹಿಯಲ್ಲೇ ಸೇರಿಕೊಳ್ಳುತ್ತವೆ. ಹಲವರಿಗೆ ಲಿವರ್ ಗಟ್ಟಿಕಟ್ಟಿ ಸಿರೋಸಿಸ್ ಆಗುತ್ತದೆ, ಕೆಲವರಿಗೆ ಕ್ಯಾನ್ಸರ್. ಹೊಟ್ಟೆನೋವು, ತೂಕ ಇಳಿಯುವುದು, ಹೊಟ್ಟೆಯಲ್ಲಿ ನೀರು ತುಂಬುವುದು ಕಾಣಿಸಿಕೊಳ್ಳುವ ಹೊತ್ತಿಗೆ ಮನೆಗೆ ಆಸರೆಯಾದ ವಯಸ್ಸು ಅವರದಾಗಿರುತ್ತದೆ. 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನ ಈ ವೈರಸ್ ಹೊತ್ತು ಬದುಕಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ ಬಹುಪಾಲು ಜನರಿಗೆ ಅದು ಗೊತ್ತೇ ಇಲ್ಲ.

ಇಲ್ಲೊಂದು ಪ್ರಾಮಾಣಿಕ ಆಕ್ಷೇಪ ಬರುತ್ತದೆ. ಕಾಮಾಲೆಗೆ ನಮ್ಮಲ್ಲಿ ಮದ್ದಿಲ್ಲವೇ? ನೆಲನೆಲ್ಲಿಯನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕುಡಿಸಿ, ಉಪ್ಪು ಎಣ್ಣೆ ಬಿಡಿಸಿ ಪಥ್ಯದಲ್ಲಿಟ್ಟರೆ ಕಣ್ಣಿನ ಹಳದಿ ಇಳಿಯುವುದನ್ನು ಎಷ್ಟೋ ಮನೆಗಳು ಕಂಡಿವೆ. ಕಂಡದ್ದನ್ನು ಸುಳ್ಳೆನ್ನುವುದು ಅಹಂಕಾರ. ವಿಜ್ಞಾನಿಗಳೂ ಹಾಗೆ ಅನ್ನಲಿಲ್ಲ. ಮದ್ರಾಸ್ ವಿಶ್ವವಿದ್ಯಾಲಯದ ಎಸ್. ಪಿ. ತ್ಯಾಗರಾಜನ್ ಈ ಗಿಡವನ್ನು ಗಂಭೀರವಾಗಿ ಪರೀಕ್ಷೆಗೆ ಒಡ್ಡಿದರು, ಜೊತೆಗೆ ಕೆಲಸ ಮಾಡಿದವರು ಸ್ವತಃ ಬ್ಲಂಬರ್ಗ್. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅವರ ವರದಿ ಬೆರಗು ಹುಟ್ಟಿಸುವಂತಿತ್ತು: ಮೂವತ್ತು ದಿನ ನೆಲನೆಲ್ಲಿಯ ಪುಡಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು, ಮದ್ದಿಲ್ಲದ ಪುಡಿ ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಅದು ನಿಜವಾಗಿ ನಿಂತಿದ್ದರೆ ಜಗತ್ತಿನ ಬಡವರ ಪಾಲಿಗೆ ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿರುತ್ತಿರಲಿಲ್ಲ. ಆದರೆ ಬೇರೆ ದೇಶಗಳಲ್ಲಿ ನಡೆದ ಮುಂದಿನ ಪರೀಕ್ಷೆಗಳಲ್ಲಿ ಅಂಥ ಫಲ ಬರಲಿಲ್ಲ. ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡಿದ 2011ರ ಕಾಕ್ರೇನ್ ಪರಿಶೀಲನೆಗೂ ಹಳೆಯ ಹೆಪಟೈಟಿಸ್ ಬಿ ಸೋಂಕನ್ನು ಈ ಗಿಡ ಹೋಗಲಾಡಿಸುತ್ತದೆ ಎನ್ನಲು ನಂಬಲರ್ಹ ಆಧಾರ ಸಿಗಲಿಲ್ಲ.

ಹಾಗಾದರೆ ಮನೆಗಳಲ್ಲಿ ವಾಸಿಯಾದದ್ದು ಏನು? ಊರಲ್ಲಿ ಕಾಣುವ ಕಾಮಾಲೆಯಲ್ಲಿ ಬಹುಪಾಲು ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ. ಸಾಮಾನ್ಯವಾಗಿ ಅವು ಕೆಲವು ವಾರಗಳಲ್ಲಿ ತಾವಾಗಿ ಇಳಿಯುತ್ತವೆ. ಆ ವಾರಗಳಲ್ಲಿ ವಿಶ್ರಾಂತಿಗೂ ಹಗುರ ಊಟಕ್ಕೂ ಜಾಗ ಮಾಡಿಕೊಟ್ಟ ಪಥ್ಯವನ್ನು ನಾನು ಹಳಿಯಲಾರೆ. ತೊಂದರೆ ಇರುವುದು ಮುಂದಿನ ಊಹೆಯಲ್ಲಿ: ಹಳದಿ ಇಳಿದರೆ ಲಿವರ್ ನಿರಾಳ, ಹಳದಿ ಕಾಣದಿದ್ದರೆ ರೋಗವೇ ಇಲ್ಲ ಎಂಬ ಊಹೆಯಲ್ಲಿ. ಕ್ಯಾನ್ಸರ್ ತರುವ ಸೋಂಕು ಕಣ್ಣನ್ನು ಹಳದಿ ಮಾಡದೆಯೇ ಮೈಯಲ್ಲಿ ಕೂತಿರುತ್ತದೆ. ಅದನ್ನು ತೋರಿಸುವುದು ರಕ್ತಪರೀಕ್ಷೆಯೊಂದೇ.

ಲಿವರ್ ಕ್ಯಾನ್ಸರಿಗೆ ವೈರಸ್ ಒಂದೇ ಕಾರಣವೇ ಎಂದು ಕೇಳಿದರೆ, ಅಲ್ಲ. ಹೆಪಟೈಟಿಸ್ ಸಿ ಇದೆ, ಹೆಂಡ ಇದೆ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನೊಂದಿಗೆ ಬರುವ ಲಿವರಿನ ಕೊಬ್ಬು ಇದೆ. ಬೆಟ್ಟದ ರೈತರು ಇನ್ನೊಂದನ್ನೂ ನೆನಪಿಡಬೇಕು. ಮುಸುಕಿನ ಜೋಳ, ಕಡಲೆಕಾಯಿ ಸರಿಯಾಗಿ ಒಣಗದೆ ಬೂಷ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಭಾಗದ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಕೆಟ್ಟ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ, ರಮೇಶ ಭಟ್ ಮತ್ತಿತರರು ದಾಖಲಿಸಿದರು. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಮೈಸೇರಿದರೆ ಈ ವಿಷ ಕ್ಯಾನ್ಸರ್ ತರುತ್ತದೆ. ಇಷ್ಟೆಲ್ಲ ಕಾರಣಗಳಿದ್ದರೆ ಒಂದು ಲಸಿಕೆಯಿಂದೇನು ಎನ್ನಬಹುದು. ಅಲ್ಲೇ ಲಸಿಕೆಯ ಬೆಲೆ ಹೆಚ್ಚುವುದು: ಹೆಪಟೈಟಿಸ್ ಬಿ ಇದ್ದವರಲ್ಲಿ ಅಫ್ಲಾಟಾಕ್ಸಿನ್ನಿನ ಕ್ಯಾನ್ಸರ್ ಶಕ್ತಿ ಇಲ್ಲದವರಿಗಿಂತ ಸುಮಾರು ಮೂವತ್ತು ಪಟ್ಟು. ವೈರಸ್ಸನ್ನು ಹೊರಗಿಟ್ಟರೆ ಆ ವಿಷದ ಹಲ್ಲನ್ನೂ ಬಹುಮಟ್ಟಿಗೆ ಕಿತ್ತಂತೆ.

ಆರು, ಹತ್ತು, ಹದಿನಾಲ್ಕನೆಯ ವಾರದಲ್ಲಿ ಹಾಕುವ ಪೆಂಟಾವ್ಯಾಲೆಂಟ್ ಚುಚ್ಚುಮದ್ದಿನಲ್ಲೇ ಈ ಲಸಿಕೆ ಸೇರಿದೆಯಲ್ಲ, ಹುಟ್ಟಿದ ದಿನದ್ದು ಬೇರೆ ಏಕೆ ಎಂದು ಕೇಳುವವರಿದ್ದಾರೆ. ದೇಶದಲ್ಲೇ ಮೊದಲು ಪೆಂಟಾವ್ಯಾಲೆಂಟ್ ಶುರುಮಾಡಿದ್ದು ತಮಿಳುನಾಡು ಮತ್ತು ಕೇರಳ, 2011ರ ಡಿಸೆಂಬರಿನಲ್ಲಿ. ಅದು ಒಳ್ಳೆಯ ಕೆಲಸವೇ. ಆದರೆ ತಾಯಿಯಿಂದ ಬಂದ ವೈರಸ್ಸಿಗೆ ಆರು ವಾರದ ಮೇಲೆ ಹಾಕಿದ ಲಸಿಕೆ ಬಹಳ ತಡ. ಅಷ್ಟರಲ್ಲಿ ಅದು ಲಿವರ್ ಸೇರಿಯಾಗಿರುತ್ತದೆ. ಬಸುರಿಯರ ರಕ್ತಪರೀಕ್ಷೆ ಮಾಡಿ ಸೋಂಕು ಇದ್ದವರ ಮಕ್ಕಳಿಗಷ್ಟೇ ಹಾಕಿದರೆ ಸಾಲದೇ ಎಂದರೆ, ಪರೀಕ್ಷೆ ಖಂಡಿತ ಆಗಬೇಕು. ಸೋಂಕಿರುವ ತಾಯಿಯ ಮಗುವಿಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದೂ ಬೇಕು. ಆದರೆ ಪರೀಕ್ಷೆ ಒಂದು ಕಡೆ, ಹೆರಿಗೆ ಗಡಿಯಾಚೆ ಇನ್ನೊಂದು ಕಡೆ ಆಗುವ ಸೀಮೆಯಲ್ಲಿ ಫಲಿತಾಂಶದ ಚೀಟಿ ತಾಯಿಯ ಜೊತೆಗೇ ಬರುತ್ತದೆಂದು ನಂಬಿ ಕೂರುವಂತಿಲ್ಲ. ಚೀಟಿ ಬರಲಿ ಬಿಡಲಿ, ಲಸಿಕೆ ಹಾಕಬಹುದು.

ಎಳೆಗೂಸಿಗೆ ಸೂಜಿ ಚುಚ್ಚಲು ಅಳುಕುವ ಅಜ್ಜಿಯರ ಮಾತನ್ನೂ ಗೌರವದಿಂದ ಕೇಳಬೇಕು. ಶಿಶುಗಳ ಸಾವು ಹೆಚ್ಚಾಗಿ ಆಗುವುದು ಹುಟ್ಟಿದ ಮೊದಲ ದಿನಗಳಲ್ಲೇ. ಲಸಿಕೆ ಹಾಕಿದ ಮರುದಿನ ಬೇರೆ ಕಾರಣಕ್ಕೆ ಮಗು ಹೋದರೂ ದೂರು ಸೂಜಿಯ ಮೇಲೆ ಬರುತ್ತದೆ. ಆ ಭಯಕ್ಕೆ ಸಿಬ್ಬಂದಿಯೂ ಹಿಂಜರಿಯುವುದುಂಟು. ಕೋಟಿಗಟ್ಟಲೆ ಶಿಶುಗಳಿಗೆ ಹಾಕಿದ ಅನುಭವದಲ್ಲಿ ಈ ಲಸಿಕೆ ಅತ್ಯಂತ ಸುರಕ್ಷಿತವೆಂದು ಕಂಡಿದೆ. ಇನ್ನೊಂದು ಹಿಂಜರಿಕೆ ಲೆಕ್ಕದ್ದು: ಹತ್ತು ಡೋಸಿನ ಬಾಟಲಿಯನ್ನು ಒಂದು ಮಗುವಿಗಾಗಿ ಒಡೆದರೆ ಉಳಿದದ್ದು ದಂಡವಾಗುವುದಿಲ್ಲವೇ ಎಂದು. ಸರಿಯಾದ ತಂಪಿನಲ್ಲಿಟ್ಟರೆ ತೆರೆದ ಬಾಟಲಿಯನ್ನು 28 ದಿನದವರೆಗೆ ಬಳಸಲು ಸರ್ಕಾರದ ನಿಯಮವೇ ಅವಕಾಶ ಕೊಟ್ಟಿದೆ. ತಮಿಳುನಾಡಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತವೆ. ಹಾಗಿರುವಾಗ ರಾತ್ರಿ ಹುಟ್ಟಿದ್ದಕ್ಕೋ, ಭಾನುವಾರ ಹುಟ್ಟಿದ್ದಕ್ಕೋ, ಆಂಬುಲೆನ್ಸಿನಲ್ಲೇ ಹುಟ್ಟಿದ್ದಕ್ಕೋ ಒಂದು ಮಗುವಿಗೆ ಲಸಿಕೆ ತಪ್ಪಿದರೆ ಆ ತಪ್ಪು ಬೆಟ್ಟದ್ದಲ್ಲ, ವ್ಯವಸ್ಥೆಯದು.

ಈ ಲಸಿಕೆ ಬರುವ ಮೊದಲೇ ಹುಟ್ಟಿದ ನಮ್ಮ ಗತಿಯೇನು ಎನ್ನುವವರಿಗೂ ದಾರಿಯಿದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ರಕ್ತಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಸೋಂಕು ಕಂಡವರೆಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಲ್ಲಿ ಟೆನೊಫೊವಿರ್ ಮಾತ್ರೆ ವೈರಸ್ಸನ್ನು ಅದುಮಿಟ್ಟು ಸಿರೋಸಿಸ್ ಮತ್ತು ಕ್ಯಾನ್ಸರಿನ ಅಪಾಯವನ್ನು ತಗ್ಗಿಸುತ್ತದೆ. ಅಪಾಯ ಹೆಚ್ಚಿರುವವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡರೆ ಗಡ್ಡೆ ಚಿಕ್ಕದಿರುವಾಗಲೇ ಸಿಗುತ್ತದೆ, ಆಗ ತೆಗೆಯಲೂ ಬರುತ್ತದೆ. ಮನೆಯಲ್ಲಿ ಒಬ್ಬರಿಗೆ ಸೋಂಕು ಇದೆಯೆಂದು ತಿಳಿದರೆ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಟ್ಟಿಗೆ ಉಂಡರೆ, ಅಪ್ಪಿಕೊಂಡರೆ ಇದು ಅಂಟುವುದಿಲ್ಲ. ಸೋಂಕಿದೆಯೆಂದು ಯಾರನ್ನೂ ದೂರವಿಡುವ ಕಾರಣವಿಲ್ಲ.

ತಾಳವಾಡಿ ಸೀಮೆಯ ತಾಯಂದಿರೇ, ಅಪ್ಪಂದಿರೇ, ಅಜ್ಜಿಯರೇ, ಹೆರಿಗೆ ತಾಳವಾಡಿಯಲ್ಲಾಗಲಿ, ಸತ್ಯಮಂಗಲದಲ್ಲಾಗಲಿ, ಚಾಮರಾಜನಗರದಲ್ಲಾಗಲಿ, ಮಗುವನ್ನು ಕೈಗೆ ಕೊಟ್ಟ ನರ್ಸಮ್ಮನನ್ನು ಅಂದೇ ಕೇಳಿ: ಹೆಪಟೈಟಿಸ್ ಬಿ ಚುಚ್ಚುಮದ್ದು ಆಯಿತೇ? ಆಯಿತೆಂದರೆ ದಿನವನ್ನೂ ಹೊತ್ತನ್ನೂ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಇಲ್ಲವೆಂದರೆ ಹಾಕಿಸಿಕೊಂಡೇ ಮನೆಗೆ ಹೊರಡಿ.